ನಿನ್ನೆ ಥರಾನೇ ಇದೆ

ಮೂರನೇ ಮಹಡಿ, ಫ್ಯಾಕ್ಟರಿ ರಸ್ತೆ
ಒಂಬತ್ತನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಅಮ್ಮನ ಮೊಣಕಾಲು ನೋವು ಇಳಿಯಿತಾ? ಎಲ್ಲಕ್ಕಿಂತ ಮುಖ್ಯವಾಗಿ, ನಿನ್ನ ಮೂಗು ಹೇಗಿದೆ? ಹೋದ ವಾರ ಫೋನಿನಲ್ಲಿ ನೀನು ಸೀನಿದ್ದು ಕೇಳಿ ನನಗೆ ನಿಜವಾಗಿ ದಿಗಿಲಾಯಿತು. ಬೇರೆಯವರ ಅಪ್ಪಂದಿರಿಗೆ ಶೀತವಾದರೆ ಅದು ಬರೀ ಶೀತ. ಅಷ್ಟು ದೊಡ್ಡ ಹೋಟೆಲಿನ ಪಾನೀಯಗಳನ್ನೆಲ್ಲ ಮೂಸಿ ಆರಿಸುವ ನನ್ನ ಅಪ್ಪನಿಗೆ ಶೀತವಾದರೆ ಅದು ಹಾಡುವವರಿಗೆ ಗಂಟಲು ಕಟ್ಟಿದ ಹಾಗೆ. ಬಿಸಿನೀರಿನ ಹಬೆ ತೆಗೆದುಕೋ, ಮಫ್ಲರ್ ಸುತ್ತಿಕೋ, ಸೂಟಿಗೆ ಹೊಂದುವುದಿಲ್ಲ ಎಂದು ನೆಪ ಹೇಳಬೇಡ. ಫೋನು ಬಿಟ್ಟು ಇದೇನು ಕಾಗದ ಎಂದು ಹುಬ್ಬು ಏರಿಸಲೂ ಬೇಡ. ಫೋನಿನಲ್ಲಿ ನಾನು ಉದ್ದಕ್ಕೆ ಮಾತಾಡುತ್ತೇನೆ, ಕೊನೆಯಲ್ಲಿ ನೀನು "ಸರಿ ಪುಟ್ಟಾ, ಈಗ ನಾನು ಹೇಳಿದ್ದು ಕೇಳು" ಅನ್ನುತ್ತೀಯ, ಗೆಲ್ಲುವುದು ನೀನೇ. ಕಾಗದದ ಬಾಯಿ ಮುಚ್ಚಿಸಲು ನಿನ್ನಿಂದಾಗುವುದಿಲ್ಲ. ಕನ್ನಡದಲ್ಲೇ ಯಾಕೆ ಎಂದರೆ, ಇಂಗ್ಲಿಷಿನಲ್ಲಿ ಕೂತರೆ ನನ್ನ ಕೈ ತಾನಾಗಿ ರಜೆ ಅರ್ಜಿ ಬರೆಯುತ್ತದೆ. ನೀನು ಅಷ್ಟು ದುಡ್ಡು ಸುರಿದ ಕಾನ್ವೆಂಟು ನನಗೆ ಕಲಿಸಿದ್ದು ಅದನ್ನೇ. ಕನ್ನಡದಲ್ಲಿ ಮಾತ್ರ ನಾನು, ನೀನು ಕರೆಯುವ ಹಾಗೆ, ನಿನ್ನ ನಿಲ್ಲದ ರೇಡಿಯೋ. ಒತ್ತಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಎಂದರೆ ಸಾಲದು, ಬೆಳಿಗ್ಗೆ ಹಲ್ಲುಜ್ಜುವಾಗಲೂ ನಗು ಬರುತ್ತದೆ, ಪೇಸ್ಟು ಕನ್ನಡಿಗೆ ಸಿಡಿಯುತ್ತದೆ. ನಮ್ಮ ಮನೆ ಎಂದರೆ ಎರಡು ಕೋಣೆ, ಒಂದು ಕಿಟಕಿ, ಆ ಕಿಟಕಿಯ ತುಂಬ ಬಿಯರ್ ಫ್ಯಾಕ್ಟರಿಯ ಚಿಮಣಿ. ಬಾರ್ಲಿ ಬೇಯಿಸುವ ದಿನ ಯಾರೋ ಇಡೀ ಬೀದಿಗೆ ಗಂಜಿ ಕಾಯಿಸುತ್ತಿರುವ ಹಾಗೆ ಬೆಚ್ಚನೆಯ ವಾಸನೆ ಮೂರು ಮಹಡಿ ಹತ್ತಿ ಒಳಗೆ ಬರುತ್ತದೆ. ಸಂಜೆ ಬಾಗಿಲು ತೆರೆದ ತಕ್ಷಣ ನಿನ್ನ ಅಳಿಯ ಇವತ್ತು ಎಲ್ಲಿ ಓಡಾಡಿದ್ದಾರೆ ಎಂದು ನಾನು ಹೇಳಬಲ್ಲೆ: ಕಾಯಿಸುವ ಮನೆಯಿಂದ ಬಂದರೆ ಬಿಸ್ಕತ್ತಿನ ವಾಸನೆ, ಯೀಸ್ಟಿನ ಕಡೆಯಿಂದ ಬಂದರೆ ಬ್ರೆಡ್ಡಿನದು, ಬಾಟಲಿ ತೊಳೆಯುವ ಕಡೆಯಿಂದ ಬಂದರೆ ಬರೀ ಸೋಪು. ನಿನ್ನ ಮೂಗಿನ ಒಂದು ಚೂರು ನನಗೂ ಬಂದಿದೆ ಅಪ್ಪಾ, ಅದನ್ನು ಗಂಡನನ್ನು ಮೂಸುವುದಕ್ಕೆ ಬಳಸುತ್ತಿದ್ದೇನೆ ಅಷ್ಟೇ. ಮನೆಯಲ್ಲಿ ಅವರನ್ನು ಇವನೇ, ನೀನೇ ಎಂದೇ ಕರೆಯುವುದು. ಇಲ್ಲಿ ಮಾತ್ರ ಬಹುವಚನ, ಕಾಗದದ ಮೇಲಾದರೂ ನಿನ್ನ ಅಳಿಯನಿಗೆ ಮರ್ಯಾದೆ ಸಿಗಲಿ ಎಂದು. ಯಾಕೆ ಹಾಗೆ ಹೇಳುತ್ತಿದ್ದೇನೆ ಎಂದು ನಿನಗೆ ಗೊತ್ತಿದೆ.

ಈಗ ನೀನು ಕೊಟ್ಟ ಕೆಲಸದ ವರದಿ. ನಿನ್ನ ಗೆಳೆಯ ಸೂಟ್‌ಕೇಸ್ ಅಂಕಲ್ ನಿಮ್ಮ ಹೋಟೆಲಿನೊಳಗೆ ಗಾಜಿನ ಗೋಡೆಯ ಪುಟ್ಟ ಬಿಯರ್ ತಯಾರಿಕೆ ಶುರು ಮಾಡುತ್ತಿದ್ದಾರೆ, ಕಿತ್ತಳೆ ಸಿಪ್ಪೆಯದು, ಕಾಫಿಯದು, ಕಾಳುಮೆಣಸಿನದು ಹೀಗೆ ವಾರಕ್ಕೊಂದು ಹೊಸ ಬಿಯರ್, ಅದಕ್ಕೆ ನಿನ್ನ ಅಳಿಯನೇ ಮುಖ್ಯಸ್ಥ, ಎದೆಯ ಮೇಲೆ ಹೆಸರು ಹೊಲಿದ ಕೋಟು. ಎಲ್ಲವನ್ನೂ ನೀನೇ ಮಾತಾಡಿ ಗೊತ್ತು ಮಾಡಿದ್ದೀಯ. ನನಗೆ ಹೇಳಿದ್ದು ಇಷ್ಟು: "ನೀನೇ ಒಪ್ಪಿಸು. ಹೊಸ ಹೆಂಡತಿ ಮಾತು ಯಾರು ತಾನೇ ಮೀರ್ತಾರೆ? ಇನ್ನೂ ಎಷ್ಟು ದಿನ ಅಂತ ಆ ಸಪ್ಪೆ ನೀರು ಕಾಯಿಸ್ಕೊಂಡು ಕೂತಿರ್ತಾನೆ?" ಮದುವೆಗೆ ಮುಂಚೆಯೂ ನಿನ್ನದು ಇದೇ ರಾಗ. "ಹುಡುಗ ಒಳ್ಳೆಯವನೇ ಕಣೇ, ಆದ್ರೆ ತುಂಬಾ ಸಾದಾ." ಇಲ್ಲಿ ಫ್ಯಾಕ್ಟರಿಯ ಬಿಯರಿಗೂ ಅದೇ ಹೆಸರು, ಗೊತ್ತಾ? ಲೇಬಲ್ಲಿನ ಮೇಲೆ ಏನೋ ದೊಡ್ಡ ಹೆಸರಿದೆ, ಕೆಳಗೆ ಸಣ್ಣಕ್ಷರದಲ್ಲಿ ಲಾಗರ್ ಎಂದಿದೆ, ಅವೆರಡನ್ನೂ ಓದಿದವರನ್ನು ನಾನು ಕಂಡಿಲ್ಲ. ಅಂಗಡಿಗೆ ಬಂದವರು ಕೇಳುವುದು "ಒಂದು ಸಾದಾ ಕೊಡಿ". ಅಂದರೆ ನಿನ್ನ ಲೆಕ್ಕದಲ್ಲಿ ಸಾದಾ ಮನುಷ್ಯ, ಸಾದಾ ಬಿಯರ್, ಎರಡೂ ಒಂದೇ ಕ್ರೇಟಿನವು. ಅಳಿಯನ ಕೈಗೆ ಹೆಸರಿರುವ ಕೆಲಸ ಬಂದ ಮೇಲೆಯೇ ನಮ್ಮ ಮನೆಗೆ ಬರುತ್ತೇನೆ ಎಂದು ಬೇರೆ ನೀನು ಹೇಳಿಬಿಟ್ಟೆ. ನಾನು ನಿನ್ನ ಮಗಳು, ನೀನು ಬೇಗ ಬರಲಿ ಎಂಬ ಆಸೆಗೆ ಹೂಂ ಎಂದು ಸೊಂಟ ಕಟ್ಟಿ ನಿಂತೆ.

ಊಟಕ್ಕೆ ಕೂತಾಗ ವಿಷಯ ಎತ್ತಿದೆ. ಗಾಜಿನ ಗೋಡೆ, ಕೋಟು, ಅಪ್ಪನ ಮನೆ ಹತ್ತಿರ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಪೂರ್ತಿ ಕೇಳಿದರು. ಅವರು ಕೇಳುವುದೇ ಹಾಗೆ, ಚಮಚ ಕೆಳಗಿಟ್ಟು. ಆಮೇಲೆ "ಯೋಚಿಸ್ತೀನಿ" ಎಂದು ಪಾತ್ರೆ ತೊಳೆಯಲು ಎದ್ದರು. ಆ ಬಿಯರಿನಲ್ಲಿ ನಿನಗೆ ಅಂಥದ್ದೇನು ಕಾಣುತ್ತದೆ ಎಂದು ಬೆನ್ನಹಿಂದೆ ನಿಂತು ಪೀಡಿಸಿದರೆ, ಲೋಟ ಒರೆಸುತ್ತಾ "ಹೇಳೋಕೆ ಬರಲ್ಲ ಕಣೇ" ಎಂದರು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ, ಆ ಲೆಕ್ಕದಲ್ಲಿ ನಾನು ಗಣಿಯನ್ನೇ ಮದುವೆಯಾಗಿದ್ದೇನೆ. ಅದೇ ವಾರ ಇನ್ನೊಂದು ರಾದ್ಧಾಂತವೂ ಆಯಿತು. ಒಂದು ಸಂಜೆ ನಾನು ನೀಲಿ ಬಟ್ಟೆ ಉಟ್ಟು, ಕೂದಲು ಹೊಸ ರೀತಿ ಕಟ್ಟಿಕೊಂಡು, ಪುಸ್ತಕ ನೋಡಿ ಅಡುಗೆ ಮಾಡಿ ಕಾದಿದ್ದೆ. ಹೇಗಿದೆ ಎಂದು ಕೇಳಿದೆ. ಊಟದ ಬಗ್ಗೆಯೋ ನನ್ನ ಬಗ್ಗೆಯೋ ಅವರೇ ಆರಿಸಿಕೊಳ್ಳಲಿ ಎಂದು ಬರೀ ಹೇಗಿದೆ ಎಂದಷ್ಟೇ ಕೇಳಿದೆ. ಬಾಯಿಯಲ್ಲಿದ್ದುದನ್ನು ನಿಧಾನವಾಗಿ ನುಂಗಿ, ನನ್ನನ್ನೇ ನೋಡಿ, ಬಹಳ ಪ್ರೀತಿಯಿಂದ "ನಿನ್ನೆ ಥರಾನೇ ಇದೆ" ಅಂದರು. ನಾನು ತಟ್ಟೆ ಬಿಟ್ಟು ಎದ್ದು ಹೋಗಿ ಬಚ್ಚಲಲ್ಲಿ ನಲ್ಲಿ ತಿರುಗಿಸಿ ಅತ್ತೆ. ಅಪ್ಪ ಹೇಳಿದ್ದೇ ಸರಿ, ಇದು ಸಾದಾ, ಪೂರ್ತಿ ಸಾದಾ ಎಂದುಕೊಂಡೆ. ಪಾಪ, ಅವರು ಬಾಗಿಲಾಚೆ ನಿಂತು "ಚೆನ್ನಾಗಿದೆ ಅಂತಾನೇ ಅಲ್ವಾ ಹೇಳಿದ್ದು" ಎಂದು ನಲ್ಲಿಯ ಸದ್ದಿನ ಜೊತೆ ವಾದ ಮಾಡುತ್ತಿದ್ದರು.

ಆಗ ಅವರಿಗೆ ಹೊಳೆದದ್ದು ನನ್ನನ್ನು ಫ್ಯಾಕ್ಟರಿಗೆ ಕರೆದುಕೊಂಡು ಹೋಗುವುದು. ಅಲ್ಲಿ ರುಚಿ ನೋಡುವವರ ಗುಂಪೊಂದಿದೆ, ಅದರಲ್ಲಿ ಲೆಕ್ಕದ ಮೇಡಂಗೆ ನಿನ್ನ ಹಾಗೆ ಶೀತವಾಗಿತ್ತು, ಒಬ್ಬರು ಬೇಕಾಗಿತ್ತು. ನಾನು ಮದುಮಗಳಲ್ಲವೇ, ಸೆಂಟು ಪೂಸಿಕೊಂಡು ಘಮಘಮ ಎಂದು ಹೋದೆ. ಗೇಟಿನ ತಾತ ದೂರದಿಂದಲೇ ಮೂಗು ಮುಚ್ಚಿಕೊಂಡು "ಅಮ್ಮಾ, ನೀವು ಒಳಗೆ ಹೋದ್ರೆ ಇವತ್ತಿನ ಬಿಯರೆಲ್ಲಾ ಮಲ್ಲಿಗೆ ಆಗುತ್ತೆ" ಎಂದು ನಲ್ಲಿ ತೋರಿಸಿದರು. ಕತ್ತು, ಕೈ ಎಲ್ಲ ಬರೀ ನೀರಿನಲ್ಲಿ ತೊಳೆದು, ಯಾರದೋ ಬಿಳಿ ಕೋಟು ತೊಟ್ಟು, ಮುಸುರೆ ತಿಕ್ಕಲು ಬಂದವಳ ಹಾಗೆ ಒಳಗೆ ಹೋದೆ. ಒಳಗೆ ಬಿಳಿ ಕೋಣೆ, ಮತಗಟ್ಟೆಯ ಹಾಗೆ ಸಣ್ಣ ಸಣ್ಣ ಅಡ್ಡ ಹಲಗೆಗಳು, ಬಣ್ಣ ನೋಡಿ ಗುರುತಿಸಬಾರದು ಎಂದು ಕೆಂಪು ದೀಪ. ನನ್ನ ಮುಂದೆ ಮೂರು ಲೋಟ ಬಿಯರ್. ಎರಡರಲ್ಲಿ ಒಂದೇ, ಒಂದರಲ್ಲಿ ಬೇರೆ. ಬೇರೆ ಯಾವುದು ಎಂದು ಹೇಳಬೇಕು, ಅಷ್ಟೇ ಪರೀಕ್ಷೆ. ನನ್ನ ಎಡಕ್ಕೆ ಕ್ರೇಟು ಎತ್ತುವ ಗಾಡಿಯ ಡ್ರೈವರ್, ಬಲಕ್ಕೆ ಕ್ಯಾಂಟೀನಿನ ಅಕ್ಕ. ಪರೀಕ್ಷೆ ಎಂದರೆ ನಾನು ಬಿಡುತ್ತೇನೆಯೇ? ನಿನ್ನ ಹಾಗೆ ಲೋಟ ತಿರುಗಿಸಿದೆ, ಮೂಸಿದೆ, ಕಣ್ಣು ಮುಚ್ಚಿ ಬಾಯಲ್ಲಿ ಹೊರಳಿಸಿದೆ, ನಡುವಿನ ಲೋಟದಲ್ಲಿ ಜೇನಿನ ನೆನಪು, ಒಣಹುಲ್ಲಿನ ಬಿಸಿಲು ಎಂದೆಲ್ಲ ಕಾಗದದ ಹಿಂಬದಿಗೂ ಬರೆದೆ. ಚೀಟಿಗಳನ್ನೆಲ್ಲ ಕೂಡಿಸಿ ನೋಡಿದರೆ ನನ್ನ ನಡುವಿನ ಲೋಟ ತಪ್ಪು. ಡ್ರೈವರಣ್ಣನದೂ ತಪ್ಪು. ಕ್ಯಾಂಟೀನ್ ಅಕ್ಕನದು ಸರಿ, ಆದರೆ ಆಕೆಯೇ ನಕ್ಕು "ನಾನು ಕಣ್ಮುಚ್ಚಿ ಬೆರಳಿಟ್ಟೆ, ಬಿದ್ದಿದ್ದು ಸರೀಗೆ ಬಿತ್ತು" ಅಂದಳು. ಜೀವಮಾನದಲ್ಲಿ ಫೇಲಾಗದ ನನಗೆ ಮುಖ ಎಲ್ಲಿಡಲಿ ಎನ್ನಿಸಿತು. ತಲೆಯೆತ್ತಿದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾರೆ.

ಅಪ್ಪಾ, ಆ ಕೋಣೆಯಲ್ಲಿ ಎಲ್ಲರೂ ಫೇಲಾದರೆ ಬಿಯರ್ ಪಾಸು. ಒಂದು ಲೋಟ ಹಿಂದಿನ ತಯಾರಿಯದು, ಎರಡು ಈಗಿನದು. ಹೊಸ ಸುಗ್ಗಿಯ ಬಾರ್ಲಿ ಬೇರೆ, ಬೇಸಿಗೆಯ ನೀರು ಬೇರೆ, ಯೀಸ್ಟಿಗೆ ಒಂದೊಂದು ದಿನ ಒಂದೊಂದು ಮೂಡು, ನನ್ನ ಹಾಗೆ. ಎಲ್ಲವೂ ಬದಲಾಗುತ್ತಲೇ ಇರುವಾಗ ಲೋಟದೊಳಗಿನದು ಮಾತ್ರ ಬದಲಾಗಿಲ್ಲ ಎಂದು ತೋರಿಸುವುದಕ್ಕೆ ನಿನ್ನ ಅಳಿಯ ದಿನವಿಡೀ ಏಣಿ ಹತ್ತಿ ಇಳಿಯುತ್ತಾರೆ, ತೊಟ್ಟಿಗಳಿಗೆ ಕಿವಿ ಕೊಡುತ್ತಾರೆ, ಅರ್ಧ ಡಿಗ್ರಿ ಬಿಸಿಗಾಗಿ ಜಗಳಾಡುತ್ತಾರೆ. ಕೆಟ್ಟರೆ ಎಲ್ಲರಿಗೂ ಗೊತ್ತಾಗುತ್ತದೆ, ಸರಿಯಾದರೆ ಯಾರಿಗೂ ಗೊತ್ತಾಗುವುದಿಲ್ಲ, ಹಾಗಿದೆ ಈ ಕೆಲಸ. ಕೊನೆಗೆ ಡ್ರೈವರಣ್ಣ ಉಳಿದದ್ದನ್ನು ಕುಡಿದು, ಲೋಟ ಕವಿಚಿಟ್ಟು, ಎದ್ದು ಹೋಗುತ್ತಾ "ನಿನ್ನೆ ಥರಾನೇ ಇದೆ ಸಾರ್" ಎಂದ. ಆಗ ಅವರ ಮುಖ ನೋಡಬೇಕಾಗಿತ್ತು ನೀನು. ನಮ್ಮ ಮದುವೆಯ ಫೋಟೋಗಳಲ್ಲೂ ಆ ಬೆಳಕಿಲ್ಲ. ಒಬ್ಬ ಮನುಷ್ಯ ತನ್ನ ಜನರಿಂದ ಪಡೆಯಬಹುದಾದ ದೊಡ್ಡ ಬಿರುದನ್ನು ನೀಲಿ ಬಟ್ಟೆಯ ಹೆಂಡತಿಗೆ ಕೊಟ್ಟಿದ್ದ, ಆ ಹೆಂಡತಿ ಬಚ್ಚಲಿಗೆ ಹೋಗಿ ಅತ್ತಿದ್ದಳು. ನಾನು ಆ ಬಿಳಿ ಕೋಟಿನಲ್ಲೇ, ಕ್ಯಾಂಟೀನ್ ಅಕ್ಕನ ಎದುರಿಗೇ, ಅವರ ಕೈ ಹಿಡಿದುಕೊಂಡುಬಿಟ್ಟೆ. ಆಕೆ ಇವತ್ತಿಗೂ ನನ್ನನ್ನು ಕಂಡರೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾಳೆ.

ಅಲ್ಲಿಂದ ನಮ್ಮ ಕಟ್ಟಡದ ಕೆಳಗಿನ ಮೀಸೆ ಅಣ್ಣನ ಅಂಗಡಿಗೆ ಹೋದೆವು. ತಗಡಿನ ಮೇಜು, ಪ್ಲಾಸ್ಟಿಕ್ ಕುರ್ಚಿ, ಹುರಿದ ಕಡಲೆಕಾಯಿ, ಅಷ್ಟೇ ವೈಭವ. ಶಿಫ್ಟು ಬಿಟ್ಟ ಹೊತ್ತು. ಗೋಡೆಗೆ ಬಣ್ಣ ಬಳಿಯುವವನೊಬ್ಬ ಬಂದು ಕೂತ, ರೆಪ್ಪೆಯ ಮೇಲೂ ಸುಣ್ಣ. ಒಂದು ಬೆರಳು ಎತ್ತಿದ. ಬಾಟಲಿ ಬಂತು, ಬೆವರುತ್ತಾ. ಅವನು ಅದನ್ನು ಮೂಸಲಿಲ್ಲ, ಬೆಳಕಿಗೆ ಹಿಡಿದು ನೋಡಲಿಲ್ಲ. ಮೊದಲು ಕತ್ತಿನ ಹಿಂದೆ ಒತ್ತಿಕೊಂಡ, ಆಮೇಲೆ ಕೆನ್ನೆಗೆ, ಆಮೇಲೆ ಕುಡಿದ. ಒಂದು ದೊಡ್ಡ ಗುಟುಕಿಗೆ ಅವನ ಹೆಗಲು ಎರಡು ಬೆರಳಿನಷ್ಟು ಕೆಳಗಿಳಿಯಿತು. ಬಿಯರ್ ತಯಾರಿಸುವ ನಿನ್ನ ಅಳಿಯನಿಗೆ ಈ ಬೀದಿಯಲ್ಲಿ ಮೇಷ್ಟ್ರು ಎಂದೇ ಹೆಸರು, ಅವರನ್ನು ಕಂಡು ರೇಗಿಸಿದ: "ಏನ್ ಮೇಷ್ಟ್ರೇ, ಇವತ್ತು ಏನ್ ಹೊಸದು ಹಾಕಿದ್ದೀರಾ ಇದಕ್ಕೆ?" ಇವರು "ಏನಿಲ್ಲ, ನಿನ್ನೆದೇ" ಎಂದರು. "ಹಂಗಾದ್ರೆ ಪರವಾಗಿಲ್ಲ, ಕುಡೀಬಹುದು" ಎಂದು ಅವನು ಮಗಳ ಹಲ್ಲುನೋವಿನ ಕಥೆಗೆ ತಿರುಗಿದ. ಅವನ ಮಾತಿಗೆ ಆ ಬಿಯರ್ ಎಲ್ಲೂ ಅಡ್ಡ ಬರಲಿಲ್ಲ. ನಾನೂ ಒಂದು ಲೋಟ ಕುಡಿದೆ. ಮೊದಲು ತಣ್ಣಗೆ, ಆಮೇಲೆ ಸ್ವಲ್ಪ ಕಹಿ, ಆ ಕಹಿ ನಾಲಿಗೆಯ ಮೇಲೆ ಸಂಸಾರ ಹೂಡುವುದಿಲ್ಲ, ಹೇಳದೆ ಕೇಳದೆ ಎದ್ದು ಹೋಗುತ್ತದೆ, ಮತ್ತೊಂದು ಗುಟುಕು ಬೇಕೆನಿಸುತ್ತದೆ. ನನ್ನ ಕಡೆ ನೋಡು, ನನ್ನ ಬಗ್ಗೆ ಮಾತಾಡು ಎಂದು ಅದು ಒಮ್ಮೆಯೂ ಅಂಗಿ ಜಗ್ಗಲಿಲ್ಲ. ದಣಿದವನಿಗೆ ಅಚ್ಚರಿ ಬೇಕಾಗಿರುವುದಿಲ್ಲ ಅಪ್ಪಾ. ನಂಬಿಕೊಂಡು ಬಂದದ್ದು ನಂಬಿದ ಹಾಗೇ ಇರಬೇಕು, ಅಷ್ಟು ಸಾಕು.

ರುಚಿ ನೋಡಲೆಂದು ನೀನು ಹೋಟೆಲಿನಿಂದ ಕಳಿಸಿದ ಬಗೆಬಗೆಯ ಬಿಯರಿನ ಉಡುಗೊರೆ ಪೆಟ್ಟಿಗೆಯನ್ನು ನಾನು ತಿಪ್ಪೆಗೆ ಎಸೆದೆ ಅಂದುಕೊಳ್ಳಬೇಡ. ಪಕ್ಕದ ಮನೆಯ ನರ್ಸಕ್ಕ, ಅವರ ಗಂಡ, ಕೆಳಗಿನ ಮನೆ ಒಡತಿ ಎಲ್ಲರನ್ನೂ ಕರೆದು ಬಡಿಸಿದೆವು. ಮೊದಲ ಗುಟುಕಿಗೆ ಎಲ್ಲರ ಹುಬ್ಬೂ ಮೇಲೆ ಹೋಯಿತು. ಹೊಗಳಿದರು, ಮನಸಾರೆ ಹೊಗಳಿದರು, ನಾನಂತೂ ನಿನ್ನ ಮಗಳೆಂದು ಬೀಗಿದೆ. ಆಮೇಲೆ ಹೊಗಳಿಕೆ ಮುಗಿಯಿತು, ಲೋಟಗಳು ಅರ್ಧಕ್ಕೇ ನಿಂತವು. ಸ್ವಲ್ಪ ಹೊತ್ತಿಗೆ ನರ್ಸಕ್ಕನ ಗಂಡ ನಾಚಿಕೊಂಡು, ಬೇಸರ ಮಾಡ್ಕೋಬೇಡಿ ಎಂದು ಪೀಠಿಕೆ ಹಾಕಿ, "ಸಾದಾ ಇದೆಯಾ?" ಎಂದು ಕೇಳಿದರು. ಹಿತ್ತಲ ಗಿಡ ಮದ್ದಲ್ಲ ಅಂತಾರೆ, ಆದರೆ ತಲೆನೋವು ಬಂದಾಗ ಎಲ್ಲರೂ ಹಿತ್ತಲಿಗೇ ಓಡುತ್ತಾರೆ. ನಿನ್ನ ಬಾಟಲಿಗಳು ಕೆಟ್ಟವೆಂದು ನಾನು ಹೇಳುತ್ತಿಲ್ಲ. ಅವು ಅತಿಥಿಗಳು. ಅತಿಥಿ ಎಷ್ಟೇ ಚಂದವಿದ್ದರೂ ಅವನು ಹೋದ ಮೇಲೆ ತಾನೇ ನಾವು ಕಾಲು ಚಾಚುವುದು?

ಇಷ್ಟೆಲ್ಲ ಆದ ಮೇಲೆ ನಾನು ಗೆದ್ದುಬಿಟ್ಟೆ ನೋಡು. ಮೊನ್ನೆ ಸಂಜೆ ಕೆಲಸದಿಂದ ಬಂದವರೇ "ನಿನಗೆ ಬೇಕು ಅಂದ್ರೆ ಹೋಗೋಣ" ಎಂದರು. ಅಷ್ಟೇ ಅಲ್ಲ, ಅಡುಗೆಮನೆಯಲ್ಲಿ ಅಭ್ಯಾಸ ಶುರು ಮಾಡಿಕೊಂಡಿದ್ದರು. ಸಣ್ಣ ಪಾತ್ರೆಗಳಲ್ಲಿ ಕಿತ್ತಳೆ ಸಿಪ್ಪೆ, ಜಜ್ಜಿದ ಮೆಣಸು, ಕಾಫಿ ಪುಡಿ. ಒಂದೊಂದನ್ನೂ ಶ್ರದ್ಧೆಯಿಂದ ಬಾಯಿಗಿಟ್ಟು ತಲೆಯಾಡಿಸುತ್ತಿದ್ದರು. ದೂರಲಿಲ್ಲ, ನಿಟ್ಟುಸಿರೂ ಬಿಡಲಿಲ್ಲ. ಯಾರದೋ ಮದುವೆಗೆ ಯಾರದೋ ಅಂಗಿ ಎರವಲು ತೊಟ್ಟವನ ಹಾಗೆ ಕಾಣುತ್ತಿದ್ದರು, ತೋಳು ಉದ್ದ, ಕೊರಳು ಬಿಗಿ. ಚೆನ್ನಾಗಿದೆಯಾ ಎಂದು ಕೇಳಿದೆ. "ದಿನಾ ಬೇರೆ ಬೇರೆ ಆದ್ರೆ, ಸರಿಯಾಯ್ತು ಅಂತ ಹೇಗೆ ಗೊತ್ತಾಗುತ್ತೆ?" ಎಂದು ನನ್ನನ್ನೇ ಕೇಳಿದರು, ನಿಜವಾಗಿ ತಿಳಿಯದೆ. ಅಪ್ಪಾ, ನಾನು ಆ ಪಾತ್ರೆಗಳನ್ನೆಲ್ಲ ಒಂದೊಂದಾಗಿ ಎತ್ತಿ ಸಿಂಕಿಗೆ ಸುರಿದೆ. ಬೇಡ ಎಂದೆ. ಅವರಲ್ಲ, ನಾನು ಹೇಳಿದೆ. ಅವರು "ಮಾವನಿಗೆ ಬೇಜಾರಾಗುತ್ತೆ" ಎಂದರು, ಎರಡು ಸಲ. ಆಗಲಿ, ನನ್ನ ಮೇಲೆ ಆಗಲಿ ಎಂದೆ.

ಆದ್ದರಿಂದ ಇದು ನನ್ನ ಉತ್ತರ, ಇದರಲ್ಲಿ ತಿದ್ದುಪಡಿಯಿಲ್ಲ. ನಾವು ಬರುವುದಿಲ್ಲ. ಸೂಟ್‌ಕೇಸ್ ಅಂಕಲ್‌ಗೆ ಮಗಳೇ ಹಟ ಮಾಡಿದಳು ಎಂದು ಹೇಳು, ನನ್ನನ್ನು ಅವರು ಚಿಕ್ಕಂದಿನಿಂದ ನೋಡಿದ್ದಾರೆ, ತಕ್ಷಣ ನಂಬುತ್ತಾರೆ. ಹೆಸರು ಹೊಲಿದ ಕೋಟು ಯಾರಾದರೂ ಹೊಸದರ ಹುಚ್ಚಿರುವ ಹುಡುಗಿಗೋ ಹುಡುಗನಿಗೋ ಸಿಗಲಿ, ಅಂಥವರಿಗೆ ಅದು ಒಪ್ಪುತ್ತದೆ. ನನ್ನ ಗಂಡ ಸಾದಾ. ಬೆಳಿಗ್ಗೆ ಎದ್ದಾಗ ಹೇಗಿರುತ್ತಾರೋ ಸಂಜೆ ಬಂದಾಗಲೂ ಹಾಗೇ ಇರುತ್ತಾರೆ, ಹೊರಗೆ ಬಿಸಿಲಿರಲಿ, ಮೇಲಿನವರು ಬೈದಿರಲಿ, ನಾನು ಸಿಡುಕಿರಲಿ. ಹಾಗಿರುವುದು ಸುಲಭ ಎಂದು ಮೊದಲು ಅಂದುಕೊಂಡಿದ್ದೆ. ಈಗ ಅವರ ಏಣಿಗಳನ್ನು ನೋಡಿದ್ದೇನೆ. ನೀನು ಹೆಸರಿರುವ ಕೆಲಸ ಬಂದ ಮೇಲೆ ಬರುತ್ತೇನೆ ಎಂದಿದ್ದೆ. ಆ ಷರತ್ತನ್ನು ನಾನು ಈ ಕಾಗದದಲ್ಲೇ ಹರಿದು ಹಾಕುತ್ತಿದ್ದೇನೆ. ಬರುವ ಶನಿವಾರ ನೀನೂ ಅಮ್ಮನೂ ಬರಬೇಕು. ಮೆಟ್ಟಿಲು ಹತ್ತುವಾಗ ಅಮ್ಮನ ಕೈ ಹಿಡಿಯಲು ನಿನ್ನ ಅಳಿಯ ಕೆಳಗೇ ಕಾದಿರುತ್ತಾರೆ. ಬರುವಾಗ ಏನೂ ತರಬೇಡ, ನಮ್ಮ ಫ್ರಿಜ್ಜು ಚಿಕ್ಕದು.

ಅಮ್ಮನಿಗೆ ನನ್ನ ಗಟ್ಟಿ ಅಪ್ಪುಗೆ, ಮೊಣಕಾಲಿಗೆ ಬೇರೆಯಾಗಿ ಒಂದು. ಅಳಿಯ ನಿಮ್ಮಿಬ್ಬರಿಗೂ ನಮಸ್ಕಾರ ಹೇಳಿದ್ದಾರೆ. ಹೇಳಿದ್ದು ಒಂದೇ ಪದದಲ್ಲಿ, ಆದರೆ ಕೈ ಒರೆಸಿಕೊಂಡು ಬಂದು ಹೇಳಿದರು. ನಿನ್ನ ಕೈ ನನ್ನ ತಲೆಯ ಮೇಲಿರಲಿ, ಸಿಟ್ಟು ಬಂದಿದ್ದರೂ ಇರಲಿ.

ನಿನ್ನ
ರೇಡಿಯೋ

ಮರೆತಿದ್ದೆ: ಸೋಮವಾರ ಬೆಳಿಗ್ಗೆ, ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು, ಗೀಚುತ್ತಿದ್ದೇನೆ. ಮದುವೆಯ ದಿನ ಫ್ಯಾಕ್ಟರಿಯವರು ಉಡುಗೊರೆ ಎಂದು ಹೊತ್ತು ತಂದ ಸಾದಾ ಕ್ರೇಟುಗಳನ್ನು ನೀನು ಕುರ್ಚಿ ಇಡುವ ಕೋಣೆಗೆ ತಳ್ಳಿಸಿ ಮೇಲೆ ಮೇಜುಬಟ್ಟೆ ಹೊದಿಸಿದ್ದನ್ನು ಇವರು ನೋಡಿದ್ದರು. ಇವತ್ತಿನವರೆಗೂ ಅದರ ಬಗ್ಗೆ "ಜಾಗ ಇರ್ಲಿಲ್ಲ ಅನ್ಸುತ್ತೆ" ಎಂದದ್ದು ಬಿಟ್ಟರೆ ಬೇರೆ ಮಾತಾಡಿಲ್ಲ. ಆದರೆ ನೆಂಟರೆಲ್ಲ ಹೋದ ಮೇಲೆ ನಾನು ಚಪ್ಪಲಿ ಹುಡುಕಿಕೊಂಡು ಆ ಕಡೆ ಬಂದೆ ಅಪ್ಪಾ. ನೀನು ಶೂ ಬಿಚ್ಚಿ, ಟೈ ಸಡಿಲಿಸಿ, ಅದೇ ಕ್ರೇಟಿನ ಮೇಲೆ ಕೂತಿದ್ದೆ, ಪಕ್ಕದಲ್ಲಿ ಅಮ್ಮ ಮೊಣಕಾಲು ನೀಡಿಕೊಂಡು ಕೂತಿದ್ದಳು. ನೀನು ಬಡಿಸುವವನನ್ನು ಕರೆದು "ಆ ಸಾದಾ ಇದೆಯಲ್ಲ, ತಣ್ಣಗಿರೋದು ಒಂದು ಕೊಡಪ್ಪ" ಎಂದೆ. ಹೋಟೆಲಿನಲ್ಲಿ ತಟ್ಟೆ ಎತ್ತುವುದರಿಂದ ಶುರು ಮಾಡಿದೆ ಎಂದು ನೀನು ಎಲ್ಲರಿಗೂ ಹೇಳುತ್ತೀಯ. ಆಗ ಕೆಲಸ ಮುಗಿಸಿ ಹಿಂಬಾಗಿಲಲ್ಲಿ ಕೂತು ಏನು ಕುಡಿಯುತ್ತಿದ್ದೆ ಎಂದು ನನಗೂ ಹೇಳಿರಲಿಲ್ಲ. ಲೋಟ ಕೇಳಲಿಲ್ಲ ನೀನು, ಮೂಸಲಿಲ್ಲ. ಒಂದು ಗುಟುಕು ಕುಡಿದು ಬಾಟಲಿಯನ್ನು ಅಮ್ಮನ ಕೈಗೆ ಕೊಟ್ಟು "ನೋಡೇ, ಆಗಿನ ಥರಾನೇ ಇದೆ" ಎಂದೆ. ನಿನ್ನ ದನಿ ಒದ್ದೆಯಾಗಿತ್ತು. ಅಂದು ನನಗೆ ಅರ್ಥವಾಗಿರಲಿಲ್ಲ, ನಕ್ಕು ಹೋಗಿಬಿಟ್ಟೆ. ಇವರಿಗೆ ಇದನ್ನು ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಶನಿವಾರ ತಗಡಿನ ಮೇಜಿಗೆ ಕೂತು, ಒಂದು ಗುಟುಕು ಕುಡಿದು, ಆ ಮಾತನ್ನು ನೀನೇ ಹೇಳು. ಬಾಟಲಿ ತಣ್ಣಗಿಟ್ಟಿರುತ್ತೇನೆ.